ಅಂಗಾಲಿನ ಕೀವುಗುಳ್ಳೆ ಕಾಯಿಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಾಲಿನಲ್ಲಿ, ಎಷ್ಟೋ ಸಲ ಅಂಗೈಯಲ್ಲೂ, ಬಿಟ್ಟೂ ಬಿಡದೆ ಕೀವುಗುಳ್ಳೆ ಏಳಿಸುವ ಒಂದು ಅಪರೂಪದ ಉರಿಯೂತದ ಕಾಯಿಲೆ ಇದೆ. ವೈದ್ಯರು ಅದಕ್ಕೆ ಪಾಮೊಪ್ಲಾಂಟರ್ ಪಸ್ಟುಲೋಸಿಸ್ ಎನ್ನುತ್ತಾರೆ, ಚಿಕ್ಕದಾಗಿ ಪಿಪಿಪಿ. ಕಾಯಿಲೆ ಇರುವವರು ಮತ್ತು ಅವರ ಮನೆಯವರು ಮಾತಿನಲ್ಲಿ, ಪತ್ರಗಳಲ್ಲಿ ತಿರುತಿರುಗಿ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಹೆಜ್ಜೆ ಊರಲು ಬಿಡದ ನೋವನ್ನು ‘ಕಾಲಿನ ಚರ್ಮದ್ದು ತಾನೇ’ ಎಂದು ತಳ್ಳಿಹಾಕುವವರು ಬಹಳ. ಆ ಮಾತನ್ನು ಕೇಳಿ ಕೇಳಿ ಸುಮ್ಮನಾದವರಿಗಾಗಿ ಇದನ್ನು ಬರೆದಿದ್ದೇನೆ. ಯಾವ ಔಷಧ, ಎಷ್ಟು ಪ್ರಮಾಣ ಎನ್ನುವುದನ್ನು ನಿಮ್ಮ ಚರ್ಮವೈದ್ಯರೇ ತೀರ್ಮಾನಿಸಬೇಕು. ಅವರ ಮುಂದೆ ಕೂತಾಗ ಏನು ಕೇಳಬೇಕು ಎನ್ನುವುದು ಇದನ್ನು ಓದಿದ ಮೇಲೆ ನಿಮಗೆ ಗೊತ್ತಿರಲಿ.

## ಮೊದಮೊದಲ ಪ್ರಶ್ನೆಗಳು

ಅಂಗಾಲಲ್ಲಿ ಹಳದಿ ಗುಳ್ಳೆ ಏಳುತ್ತೆ, ಒಣಗಿ ಕಂದು ಬಣ್ಣ ಆಗುತ್ತೆ, ಮತ್ತೆ ಹೊಸದು ಏಳುತ್ತೆ. ಇದು ಅದೇ ಕಾಯಿಲೆನಾ?

ಇರಬಹುದು. ಈ ಕಾಯಿಲೆಯ ಗುರುತೇ ಅದು: ಕೆಂಪಾದ ಚರ್ಮದ ಮೇಲೆ ಹೊಸ ಹಳದಿ ಗುಳ್ಳೆ, ಅದರ ಪಕ್ಕದಲ್ಲೇ ಒಣಗಿದ ಕಂದು ಚುಕ್ಕೆ, ಅದರ ಸುತ್ತ ಹೊಟ್ಟು ಹೊಟ್ಟಾಗಿ ಏಳುವ ಸಿಪ್ಪೆ. ಎಲ್ಲ ಹಂತದವೂ ಒಂದೇ ಹೊತ್ತಿಗೆ ಕಾಣುತ್ತವೆ. ಅಂಗಾಲಿನ ಒಳಬದಿಯ ಕಮಾನು, ಹಿಮ್ಮಡಿಯ ಪಕ್ಕ, ಅಂಗೈಯಲ್ಲಾದರೆ ಹೆಬ್ಬೆರಳ ಬುಡದ ದಿಣ್ಣೆ, ಇವು ಅದರ ಮೆಚ್ಚಿನ ಜಾಗಗಳು. ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಆದರೆ ಶುರುವಿನಲ್ಲಿ ಒಂದರಲ್ಲೇ ಕಂಡರೂ ಅಚ್ಚರಿಯಿಲ್ಲ. ಗುಳ್ಳೆ ಏಳುವ ಮುಂಚೆ ಆ ಜಾಗ ಉರಿಯುತ್ತದೆ ಅಥವಾ ಒಳಗಿಂದ ಚುಚ್ಚಿದ ಹಾಗಾಗುತ್ತದೆ ಎಂದು ಅನೇಕರು ಹೇಳುತ್ತಾರೆ.

ಕೀವು ಅಂದ್ಮೇಲೆ ಸೋಂಕೇ ತಾನೆ? ಮನೇಲಿ ಮಕ್ಕಳಿದ್ದಾರೆ, ಅವರಿಗೆ ಅಂಟುತ್ತಾ?

ಅಂಟುವುದಿಲ್ಲ. ಕೀವು ಎಂದರೆ ಬಿಳಿರಕ್ತಕಣಗಳ, ಅದರಲ್ಲೂ ನ್ಯೂಟ್ರೋಫಿಲ್‌ಗಳ, ರಾಶಿ. ರೋಗಾಣು ಬಂದಾಗ ಅವು ಸೇರುತ್ತವೆ, ನಿಜ. ಆದರೆ ಇಲ್ಲಿ ರೋಗಾಣುವೇ ಇಲ್ಲದೆ ಸೇರುತ್ತವೆ. ಹೊಸ ಗುಳ್ಳೆಯ ಕೀವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರೆ ಏನೂ ಬೆಳೆಯುವುದಿಲ್ಲ. ಮಗುವನ್ನು ಎತ್ತಿಕೊಳ್ಳಿ, ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಬಚ್ಚಲು ಬಳಸಿ. ಬಟ್ಟೆ, ಟವೆಲ್ಲು ಬೇರೆ ಇಡಬೇಕಾದ್ದೂ ಇಲ್ಲ. ಆ್ಯಂಟಿಬಯಾಟಿಕ್ ಕೋರ್ಸಿನ ಮೇಲೆ ಕೋರ್ಸು ಮುಗಿಸಿದರೂ ಗುಳ್ಳೆ ನಿಲ್ಲಲಿಲ್ಲ ಎನ್ನುವವರಿಗೂ ಇದೇ ಉತ್ತರ: ಕೊಲ್ಲಲು ಅಲ್ಲಿ ರೋಗಾಣುವೇ ಇರಲಿಲ್ಲ.

ಕಾಲು ಸರಿಯಾಗಿ ತೊಳೆಯದೆ ಇದ್ದಿದ್ದಕ್ಕೆ ಬಂತು ಅಂತಾರೆ ನಮ್ಮನೇಲಿ.

ಖಂಡಿತ ಅಲ್ಲ. ಕೊಳೆಗೂ ಇದಕ್ಕೂ ಸಂಬಂಧವಿಲ್ಲ. ತಿಕ್ಕಿ ತಿಕ್ಕಿ ತೊಳೆದರೆ ಮಾತ್ರ ಹೆಚ್ಚುತ್ತದೆ.

ಚುಚ್ಚಿ ಕೀವು ತೆಗೆದರೆ ನೋವು ಕಡಿಮೆ ಆಗಲ್ವಾ?

ಆ ಕ್ಷಣಕ್ಕೆ ಬಿಗಿತ ಸಡಿಲವಾದಂತೆ ಅನ್ನಿಸಬಹುದು. ಆದರೆ ನೋವು ಬರುವುದು ಗುಳ್ಳೆಯ ಕೆಳಗಿನ ಉರಿಯೂತದಿಂದ, ಅದು ಚುಚ್ಚಿದರೆ ಹೋಗುವುದಿಲ್ಲ. ಜೊತೆಗೆ ಅಲ್ಲಿಯತನಕ ರೋಗಾಣು ಇಲ್ಲದಿದ್ದ ಜಾಗಕ್ಕೆ ಸೂಜಿಯೇ ದಾರಿ ಮಾಡಿಕೊಡುತ್ತದೆ. ಸಿಪ್ಪೆ ಕೀಳುವುದೂ ಅಷ್ಟೆ: ತಾನಾಗಿ ಬಿದ್ದದ್ದು ಬೀಳಲಿ, ಅರ್ಧ ಅಂಟಿಕೊಂಡದ್ದನ್ನು ಎಳೆಯಬೇಡಿ. ನೇತಾಡುವ ತುದಿಯನ್ನು ಚೊಕ್ಕ ಕತ್ತರಿಯಿಂದ ಕತ್ತರಿಸಿದರೆ ಸಾಕು.

ಯಾರಿಗೆ ಬರುತ್ತೆ ಇದು? ನನಗೇ ಯಾಕೆ?

ಹೆಚ್ಚಾಗಿ 30ರಿಂದ 60ರ ವಯಸ್ಸಿನೊಳಗೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಅಪರೂಪದ ಕಾಯಿಲೆಯಾದರೂ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿಲ್ಲ. ಜಪಾನಿನಲ್ಲಿ ಸುಮಾರು ಶೇ. 0.12ರಷ್ಟು ಜನರಿಗೆ ಇದೆ, ಯುರೋಪಿನಲ್ಲಿ ಅದಕ್ಕಿಂತ ಕಡಿಮೆ. ಇದರ ಔಷಧಗಳ ಮೇಲಿನ ಕೆಲಸ ಜಪಾನಿನಲ್ಲಿ ಅಷ್ಟು ಮುಂದುವರಿದಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ. ಥೈರಾಯ್ಡ್ ತೊಂದರೆ ಈ ರೋಗಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ, ಹಾಗಾಗಿ ಆ ರಕ್ತಪರೀಕ್ಷೆ ಒಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮನಸ್ಸಿಗೆ ಒತ್ತಡ ಬಿದ್ದಾಗ ಗುಳ್ಳೆ ಉಕ್ಕುತ್ತದೆ ಎಂದು ಬಹಳ ಮಂದಿ ಗಮನಿಸಿದ್ದಾರೆ. ‘ನನಗೇ ಯಾಕೆ’ ಎಂಬುದಕ್ಕೆ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಹುಟ್ಟಿನಿಂದ ಬಂದ ಒಲವು, ಅದರ ಮೇಲೆ ಕೆರಳಿಸುವ ಒಂದೆರಡು ಸಂಗತಿ ಸೇರಿದಾಗ ಶುರುವಾಗುತ್ತದೆ. ಆ ಸಂಗತಿಗಳಲ್ಲಿ ತಂಬಾಕಿನದೇ ದೊಡ್ಡ ಪಾಲು.

ಸಿಗರೇಟು ಸೇದೋದು ಬಾಯಲ್ಲಿ, ಗುಳ್ಳೆ ಏಳೋದು ಅಂಗಾಲಲ್ಲಿ. ಎರಡಕ್ಕೂ ಏನು ಸಂಬಂಧ?

ಅಂಗಾಲು, ಅಂಗೈಯಲ್ಲಿ ಬೆವರುಗ್ರಂಥಿಗಳು ಒತ್ತೊತ್ತಾಗಿವೆ. ಈ ಕಾಯಿಲೆಯ ಮೊದಲ ಗುಳ್ಳೆಗಳು ಆ ಗ್ರಂಥಿಯ ನಾಳ ಚರ್ಮದ ಮೇಲ್ಪದರವನ್ನು ಹಾದು ಹೊರಬರುವ ಜಾಗದ ಸುತ್ತಲೇ ಏಳುತ್ತವೆ. ನಿಕೋಟಿನ್ ಹೋಗಿ ಕೂರುವ ಗ್ರಾಹಕಗಳು ಆ ನಾಳದ ಜೀವಕೋಶಗಳ ಮೇಲೂ ಇವೆ. ರಕ್ತದಲ್ಲಿ ಬಂದ ನಿಕೋಟಿನ್ ಅವನ್ನು ಕೆಣಕುತ್ತದೆ, ಉರಿಯೂತದ ಸಂಕೇತಗಳು ಹೊರಡುತ್ತವೆ, ನ್ಯೂಟ್ರೋಫಿಲ್‌ಗಳು ಧಾವಿಸುತ್ತವೆ. ಸದ್ಯಕ್ಕೆ ಹೆಚ್ಚು ಒಪ್ಪಿತವಾದ ವಿವರಣೆ ಇದು. ಕಾರಣ ಪೂರ್ತಿ ಬಿಡಿಸಿದ್ದಾಯಿತೋ ಇಲ್ಲವೋ, ಲೆಕ್ಕವಂತೂ ಸ್ಪಷ್ಟ: ಈ ರೋಗಿಗಳಲ್ಲಿ ಬಹುಪಾಲು ಜನ ಈಗ ಸೇದುವವರು ಅಥವಾ ಹಿಂದೆ ಸೇದುತ್ತಿದ್ದವರು.

ಬಿಟ್ಟರೆ ವಾಸಿಯಾಗುತ್ತದೆಯೇ? ಬಿಟ್ಟವರಲ್ಲಿ ಗುಳ್ಳೆ, ಕೆಂಪು, ಸಿಪ್ಪೆ ಮೂರೂ ತಗ್ಗಿದ್ದನ್ನು ಅಧ್ಯಯನಗಳು ದಾಖಲಿಸಿವೆ. ಆದರೆ ಅದು ವಾರದಲ್ಲಿ ಆಗುವ ಕೆಲಸವಲ್ಲ, ತಿಂಗಳುಗಳು ಹಿಡಿಯುತ್ತವೆ. ಕೆಲವರಿಗೆ ಬಿಟ್ಟ ಮೇಲೂ ಕಾಯಿಲೆ ಉಳಿಯುತ್ತದೆ. ‘ಬಿಟ್ಟು ತಿಂಗಳಾಯ್ತು, ಏನೂ ಆಗಿಲ್ಲ’ ಎಂದು ಮತ್ತೆ ಹಚ್ಚಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೆ: ಇಷ್ಟು ದಿನ ತಡೆದುಕೊಂಡದ್ದೇ ಕಷ್ಟದ ಭಾಗ, ಇನ್ನಷ್ಟು ದಿನ ತಡೆಯಿರಿ. ಒಬ್ಬರೇ ಹೆಣಗಬೇಡಿ. ನಿಕೋಟಿನ್ ಪ್ಯಾಚ್, ಗಮ್, ವರೆನಿಕ್ಲಿನ್ ಮಾತ್ರೆ, ಆಪ್ತಸಮಾಲೋಚನೆ ಎಲ್ಲವೂ ಇವೆ. ಪ್ಯಾಚಿನಲ್ಲೂ ನಿಕೋಟಿನ್ ಇದೆಯಲ್ಲ ಎನ್ನುವುದು ನ್ಯಾಯವಾದ ಪ್ರಶ್ನೆ. ಅದು ಕೆಲವು ವಾರಗಳ ಊರುಗೋಲು, ಹಂತಹಂತವಾಗಿ ಪ್ರಮಾಣ ಇಳಿಯುತ್ತದೆ, ಹೊಗೆಯ ಉಳಿದ ವಿಷಗಳೂ ಅದರಲ್ಲಿಲ್ಲ. ಇನ್ನು ಮನೆಯವರಿಗೆ ಒಂದು ಮಾತು. ‘ನೀನೇ ತಂದುಕೊಂಡಿದ್ದು’ ಎಂದು ಚುಚ್ಚಿದ್ದರಿಂದ ಸಿಗರೇಟು ಬಿಟ್ಟವರನ್ನು ನಾನು ಕಂಡಿಲ್ಲ. ಎಂದೂ ಸೇದದವರಿಗೂ ಈ ಕಾಯಿಲೆ ಬರುತ್ತದೆ.

## ಇದೇ ಅಂತ ಗೊತ್ತಾಗುವುದು ಹೇಗೆ

ಒಬ್ಬ ಡಾಕ್ಟ್ರು ಫಂಗಸ್ ಅಂದ್ರು, ಇನ್ನೊಬ್ರು ಎಕ್ಸಿಮಾ ಅಂದ್ರು, ಮೂರನೆಯವರು ಬೇರೇನೋ ಅಂತಾರೆ. ಯಾರನ್ನು ನಂಬಲಿ?

ಅಂಗಾಲಿನ ಚರ್ಮ ದಪ್ಪ. ಬೇರೆಡೆ ಸುಲಭವಾಗಿ ಗುರುತು ಸಿಗುವ ಕಾಯಿಲೆಗಳೂ ಇಲ್ಲಿ ಒಂದರಂತೆ ಒಂದು ಕಾಣುತ್ತವೆ. ಆದ್ದರಿಂದ ವೈದ್ಯರು ಬೇರೆ ಬೇರೆ ಹೆಸರು ಹೇಳಿದ ಮಾತ್ರಕ್ಕೆ ಅವರು ಅಸಡ್ಡೆ ಮಾಡಿದರು ಎಂದಲ್ಲ. ಪರೀಕ್ಷೆ ಮಾಡಿ ಹೇಳಿದರೋ, ಬರೀ ನೋಡಿ ಹೇಳಿದರೋ ಎಂಬುದನ್ನು ಗಮನಿಸಿ.

ಮೊದಲು ತಳ್ಳಿಹಾಕಬೇಕಾದ್ದು ಫಂಗಸ್. ಸಿಪ್ಪೆಯನ್ನು ಕೆರೆದು, ಕೆಒಎಚ್ ಎಂಬ ಕ್ಷಾರದ ದ್ರಾವಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ ಚಿಕ್ಕದು, ಫಲಿತಾಂಶ ಬೇಗ ಬರುತ್ತದೆ. ಇದನ್ನು ಮಾಡದೆ ತಿಂಗಳುಗಟ್ಟಲೆ ಫಂಗಸ್ ಮುಲಾಮು ಹಚ್ಚುವುದೂ ತಪ್ಪು, ಸ್ಟೀರಾಯ್ಡ್ ಶುರುಮಾಡುವುದೂ ತಪ್ಪು. ಫಂಗಸ್ ಇದ್ದಾಗ ಸ್ಟೀರಾಯ್ಡ್ ಹಚ್ಚಿದರೆ ಮೇಲಿನ ಕೆಂಪು ಮರೆಯಾಗಿ ಒಳಗೊಳಗೇ ಹರಡುತ್ತದೆ.

ಇನ್ನೊಂದು, ಪಾಂಫೋಲಿಕ್ಸ್ ಎಂಬ ಎಕ್ಸಿಮಾ. ಅದರಲ್ಲಿ ಗುಳ್ಳೆಯೊಳಗೆ ತಿಳಿನೀರು, ಬೆರಳುಗಳ ಪಕ್ಕದಲ್ಲಿ ಹೆಚ್ಚು, ತುರಿಕೆ ತಡೆಯಲಾಗದಷ್ಟು. ಪಿಪಿಪಿಯಲ್ಲಿ ತುರಿಕೆ ಇದ್ದರೂ ಉರಿ, ನೋವಿನದೇ ಮೇಲುಗೈ, ಗುಳ್ಳೆ ಬೇಗ ಹಳದಿಯಾಗುತ್ತದೆ. ಚಪ್ಪಲಿಯ ರಬ್ಬರು, ಅಂಟು, ಚರ್ಮ ಹದಮಾಡಿದ ಕ್ರೋಮಿಯಂ ಇವುಗಳ ಅಲರ್ಜಿಯ ಅನುಮಾನವಿದ್ದರೆ ಬೆನ್ನ ಮೇಲೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಇದೆ. ಗುಳ್ಳೆ ಬೆರಳ ತುದಿಯಲ್ಲೇ ಇದ್ದು ಉಗುರು ಹಾಳಾಗುತ್ತಿದ್ದರೆ ಅದು ಹ್ಯಾಲೊಪೊ ಹೆಸರಿನ ಬೇರೊಂದು ಕಾಯಿಲೆ ಇರಬಹುದು. ಅದು ಕೆಳಗಿನ ಎಲುಬನ್ನೂ ಸವೆಸಬಲ್ಲದು, ಅದಕ್ಕೆ ತಡಮಾಡಬಾರದು. ಕಜ್ಜಿ, ಲೈಂಗಿಕ ಸಂಪರ್ಕದಿಂದ ಬರುವ ಸಿಫಿಲಿಸ್ ಕೂಡ ಅಂಗಾಲಿನಲ್ಲಿ ವೇಷ ಹಾಕುತ್ತವೆ. ವೈದ್ಯರು ಆ ರಕ್ತಪರೀಕ್ಷೆ ಬರೆದುಕೊಟ್ಟರೆ ಅವಮಾನ ಎಂದುಕೊಳ್ಳಬೇಡಿ.

ಒಂದು ಉಪಾಯ: ಹೊಸ ಗುಳ್ಳೆ ಎದ್ದ ದಿನವೇ ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆದಿಡಿ. ನಿಮ್ಮ ಸರದಿ ಬರುವ ಹೊತ್ತಿಗೆ ಎಲ್ಲ ಒಣಗಿ ಬರೀ ಸಿಪ್ಪೆ ಉಳಿದಿರುತ್ತದೆ, ಆಗ ಆ ಫೋಟೊ ಬಹಳ ಹೇಳುತ್ತದೆ.

ಇದು ಸೋರಿಯಾಸಿಸ್ಸೇ ಅಲ್ವಾ? ಹೆಸರು ಮಾತ್ರ ಬೇರೆನಾ?

1930ರ ದಶಕದಿಂದ ನಡೆದ ವಾದ ಇದು. ಲಂಡನ್ನಿನ ಚರ್ಮವೈದ್ಯ ಬಾರ್ಬರ್ ಇದನ್ನು ಸೋರಿಯಾಸಿಸ್ಸಿನ ಒಂದು ರೂಪವೆಂದರು. ಅಮೆರಿಕದ ಚರ್ಮವೈದ್ಯ ಆಂಡ್ರೂಸ್, ದೇಹದಲ್ಲಿ ಬೇರೆಲ್ಲೋ ಅಡಗಿದ ಸೋಂಕಿಗೆ ಚರ್ಮ ತೋರುವ ಪ್ರತಿಕ್ರಿಯೆ ಎಂದರು. 2017ರಲ್ಲಿ ಯುರೋಪಿನ ತಜ್ಞರು ಸೇರಿ ಒಂದು ವ್ಯಾಖ್ಯೆಗೆ ಬಂದರು: ಅಂಗೈ ಅಥವಾ ಅಂಗಾಲಿನಲ್ಲಿ, ಕಣ್ಣಿಗೆ ಕಾಣುವ, ರೋಗಾಣುವಿಲ್ಲದ ಕೀವುಗುಳ್ಳೆ 3 ತಿಂಗಳಿಗೂ ಮೀರಿ ಇದ್ದರೆ ಅದು ಪಿಪಿಪಿ, ಜೊತೆಗೆ ಸೋರಿಯಾಸಿಸ್ ಇರಬಹುದು, ಇಲ್ಲದೆಯೂ ಇರಬಹುದು. ಸಾಮಾನ್ಯ ಸೋರಿಯಾಸಿಸ್ಸಿಗೆ ಗಟ್ಟಿಯಾಗಿ ತಳಕು ಹಾಕಿಕೊಂಡ ಮುಖ್ಯ ಜೀನ್ ಗುರುತು ಇದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಸೋರಿಯಾಸಿಸ್ಸಿಗೆ ಬಹಳ ಚೆನ್ನಾಗಿ ಹಿಡಿಯುವ ಕೆಲವು ಔಷಧ ಇಲ್ಲಿ ಸೋಲುತ್ತವೆ. ರೋಗಿಗೆ ಈ ವಾದದಲ್ಲಿ ಬೇಕಾದ್ದು ಅಷ್ಟೇ: ಅಣ್ಣನ ಸೋರಿಯಾಸಿಸ್ಸಿಗೆ ಹಿಡಿದ ಮದ್ದು ನಿಮಗೆ ಹಿಡಿಯಬೇಕೆಂದಿಲ್ಲ.

ಬಯಾಪ್ಸಿ ಮಾಡಿಸಲೇಬೇಕಾ? ಅಂಗಾಲು ಕೊಯ್ದರೆ ನಡೆಯೋದು ಹೇಗೆ?

ಎಲ್ಲರಿಗೂ ಬೇಡ. ನೋಟದಲ್ಲೇ ಸ್ಪಷ್ಟವಿದ್ದು, ಫಂಗಸ್ ಇಲ್ಲವೆಂದು ಖಚಿತವಾದರೆ ಅನೇಕ ವೈದ್ಯರು ಚಿಕಿತ್ಸೆ ಶುರುಮಾಡುತ್ತಾರೆ. ಅನುಮಾನ ಉಳಿದಾಗ ಕೆಲವೇ ಮಿಲಿಮೀಟರ್ ಅಗಲದ ತುಣುಕು ತೆಗೆಯುತ್ತಾರೆ, ಮರಗಟ್ಟಿಸಿ. ಭಾರ ಬೀಳದ ಜಾಗದಿಂದ ತೆಗೆಯಲು ಕೇಳಿಕೊಳ್ಳಿ. ಅಂಗೈಯಲ್ಲೂ ಗುಳ್ಳೆ ಇದ್ದರೆ ಅಲ್ಲಿಂದ ತೆಗೆದರೂ ಆಗುತ್ತದೆ.

## ದಿನದಿನದ ಆರೈಕೆ

ನೆಲಕ್ಕೆ ಕಾಲಿಡೋಕೆ ಆಗದಷ್ಟು ನೋವು. ಇವತ್ತು, ಈಗ ಏನು ಮಾಡಲಿ?

ಮೊದಲು ಕೂತುಕೊಳ್ಳಿ. ಅಂಗಾಲಿನ ಮೇಲೆ ಬೀಳುವ ಒತ್ತಡ, ಉಜ್ಜಾಟ ಎರಡೂ ಉರಿಯೂತವನ್ನು ಕೆರಳಿಸುತ್ತವೆ. ಕೆರಳಿದ ದಿನಗಳಲ್ಲಿ ಕಾಲಿಗೆ ವಿರಾಮ ಕೊಡುವುದು ಸೋಮಾರಿತನವಲ್ಲ, ಚಿಕಿತ್ಸೆಯ ಭಾಗ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು 10–15 ನಿಮಿಷ ಇಟ್ಟುಕೊಂಡರೆ ಉರಿ ಇಳಿಯುತ್ತದೆ. ಮಂಜುಗಡ್ಡೆ ನೇರವಾಗಿ ಬೇಡ. ಆಮೇಲೆ ಒತ್ತಿ ಒರೆಸಿ, ಚರ್ಮ ಇನ್ನೂ ತುಸು ಹಸಿಯಿರುವಾಗಲೇ ವಾಸನೆ ಬೆರೆಸದ ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪಗೆ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಬೇರೆ ಕಾಯಿಲೆಯ ಕಾರಣಕ್ಕೆ ಬೇಡವೆಂದಿರದಿದ್ದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು.

ಇನ್ನು ಈ ನೋವನ್ನು ವೈದ್ಯರಿಗೆ ಹೇಳುವ ಬಗೆ. ‘ತುಂಬಾ ನೋವು’ ಎಂದರೆ ಅವರು ಬರೆದುಕೊಳ್ಳುವುದು ಒಂದೇ ಪದ. ಏನು ಮಾಡಲಾಗುತ್ತಿಲ್ಲ ಎಂದು ಹೇಳಿ: ಅಡುಗೆಮನೆಯಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲಿರಿ, ಮೆಟ್ಟಿಲು ಇಳಿಯುವಾಗ ಏನಾಗುತ್ತದೆ, ರಾತ್ರಿ ಹೊದಿಕೆ ತಾಗಿದರೆ ಎಚ್ಚರವಾಗುತ್ತದೆಯೇ, ಎಷ್ಟು ದಿನ ಕೆಲಸ ತಪ್ಪಿತು. ಚಿಕಿತ್ಸೆಯನ್ನು ಮುಂದಿನ ಮೆಟ್ಟಿಲಿಗೆ ಏರಿಸಬೇಕೇ ಎಂಬ ತೀರ್ಮಾನ ಈ ಉತ್ತರಗಳ ಮೇಲೆ ನಿಂತಿರುತ್ತದೆ.

ಹಿಮ್ಮಡಿ ಬಿರಿದು ರಕ್ತ ಬರುತ್ತೆ. ಸಿಪ್ಪೆ ತೆಗೆಯೋಕೆ ಕಲ್ಲಲ್ಲಿ ಉಜ್ಜಬಹುದಾ?

ಬೇಡ. ಉಜ್ಜಿದ ಪೆಟ್ಟಿಗೇ ಹೊಸ ಗುಳ್ಳೆ ಏಳಬಹುದು. ದಪ್ಪನಾದ ಚರ್ಮವನ್ನು ಮೆತ್ತಗೆ ಮಾಡಲು ಯೂರಿಯಾ ಇರುವ ಮುಲಾಮುಗಳಿವೆ. ಶೇ. 10ರದು ದಿನಬಳಕೆಗೆ, ಅದಕ್ಕಿಂತ ಹೆಚ್ಚಿನದು ದಪ್ಪ ಗಟ್ಟಿದ ಜಾಗಕ್ಕೆ ಮಾತ್ರ. ಸ್ಯಾಲಿಸಿಲಿಕ್ ಆಮ್ಲದ್ದೂ ಅದೇ ಕೆಲಸ. ಆದರೆ ಬಾಯಿಬಿಟ್ಟ ಬಿರುಕಿನ ಮೇಲೆ ಇವೆರಡೂ ಚುರುಗುಟ್ಟುತ್ತವೆ. ಅಲ್ಲಿಗೆ ಬರೀ ಜೆಲ್ಲಿ ಹಚ್ಚಿ, ಇಲ್ಲವೇ ಹೈಡ್ರೊಕೊಲಾಯ್ಡ್ ಪಟ್ಟಿ ಅಂಟಿಸಿ ಮುಚ್ಚಿಡಿ. ಅಂಚುಗಳು ಕೂಡಿಕೊಳ್ಳುತ್ತವೆ, ನಡೆಯುವಾಗಿನ ಸೆಳೆತವೂ ಕಡಿಮೆಯಾಗುತ್ತದೆ.

ಎಂಥ ಚಪ್ಪಲಿ ಹಾಕಬೇಕು?

ಮೆತ್ತನೆಯ ತಳ, ಬೆರಳಿಗೆ ಜಾಗ, ಒಳಗೆ ಹೊಲಿಗೆಯ ಗಂಟು ಇಲ್ಲದ್ದು. ಬೆವರು ಕೂಡಿಸುವ ಪ್ಲಾಸ್ಟಿಕ್, ಬಿಗಿ ಬೂಟು ಬೇಡ. ಬೂಟು ಹಾಕಲೇಬೇಕಾದ ಕೆಲಸವಿದ್ದರೆ ಕಾಲುಚೀಲವನ್ನು ಮಧ್ಯಾಹ್ನ ಒಮ್ಮೆ ಬದಲಿಸಿ.

ಪಥ್ಯ ಏನಾದ್ರೂ ಇದೆಯಾ?

ಎಲ್ಲರಿಗೂ ಹೊಂದುವ ಪಥ್ಯವಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಬಿಡಿ ಎನ್ನುವ ಸಲಹೆ ಆಗಾಗ ಕೇಳಿಬರುತ್ತದೆ. ಹೊಟ್ಟೆಯ ತೊಂದರೆಯೂ ಇದ್ದರೆ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಗೆ ರಕ್ತಪರೀಕ್ಷೆ ಮಾಡಿಸಿ, ಫಲಿತಾಂಶ ಬಂದ ಮೇಲೆ ಯೋಚಿಸಿ. ಪರೀಕ್ಷೆಗೆ ಮುಂಚೆಯೇ ಬಿಟ್ಟರೆ ಫಲಿತಾಂಶ ತಪ್ಪಾಗಿ ಬರಬಹುದು.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ಗುಳ್ಳೆ ಕೈಕಾಲು ದಾಟಿ ಮೈತುಂಬ ಹರಡಿ ಜ್ವರ, ನಡುಕ ಬಂದರೆ ಅವತ್ತೇ. ಅದು ಮೈಯೆಲ್ಲ ಹಬ್ಬುವ, ಜೀವಕ್ಕೇ ಅಪಾಯ ತರುವ ಬೇರೆ ರೂಪ ಇರಬಹುದು. ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪು ಮೇಲಕ್ಕೆ ಏರುತ್ತಿದ್ದರೆ ಬಿರುಕಿನ ಮೂಲಕ ಸೋಂಕು ಹೊಕ್ಕಿರಬಹುದು, ಅದಕ್ಕೂ ತಡ ಬೇಡ. ಸಕ್ಕರೆ ಕಾಯಿಲೆ ಇರುವವರು ಇದರಲ್ಲಿ ಇನ್ನೂ ಎಚ್ಚರವಾಗಿರಬೇಕು. ಅವರಿಗೆ ನೋವೇ ಸರಿಯಾಗಿ ತಿಳಿಯದೆ ಹೋಗಬಹುದು.

## ಮುಲಾಮು ಮತ್ತು ಬೆಳಕು

ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಚರ್ಮ ತೆಳುವಾಗುತ್ತೆ ಅಂತ ಭಯ. ಸ್ವಲ್ಪ ಸ್ವಲ್ಪ ಹಚ್ಚಿದರೆ ಸಾಲದಾ?

ಸಾಲದು. ಭಯಕ್ಕೆ ಕಾರಣ ಇಲ್ಲವೆಂದಲ್ಲ. ಮುಖಕ್ಕೆ, ತೊಡೆಸಂದಿಗೆ ಪ್ರಬಲ ಸ್ಟೀರಾಯ್ಡ್ ಹಚ್ಚಿದರೆ ಬೇಗ ಹಾನಿಯಾಗುತ್ತದೆ. ಆದರೆ ಅಂಗಾಲಿನ ಚರ್ಮ ದೇಹದಲ್ಲೇ ಅತಿ ದಪ್ಪ. ಅದನ್ನು ದಾಟಿ ಔಷಧ ಕೆಳಗಿಳಿಯುವುದೇ ಕಷ್ಟ. ಅದಕ್ಕೇ ಇಲ್ಲಿ ಶೇ. 0.05ರ ಕ್ಲೊಬೆಟಸಾಲ್‌ನಂಥ ಅತಿ ಪ್ರಬಲ ಮುಲಾಮಿನಿಂದಲೇ ಶುರುಮಾಡುತ್ತಾರೆ. ಹೆದರಿ ಹೆದರಿ ತೆಳ್ಳಗೆ, ಬಿಟ್ಟು ಬಿಟ್ಟು ಹಚ್ಚುವುದರಿಂದ ಕಾಯಿಲೆಯೂ ಹೋಗುವುದಿಲ್ಲ, ಔಷಧ ಮಾತ್ರ ತಿಂಗಳುಗಟ್ಟಲೆ ಒಳಹೋಗುತ್ತಿರುತ್ತದೆ.

ತೋರುಬೆರಳ ಕೊನೆಯ ಗೆಣ್ಣಿನಿಂದ ತುದಿಯವರೆಗೆ ಟ್ಯೂಬಿನಿಂದ ಹಿಂಡಿದ ಒಂದು ಗೆರೆ ಮುಲಾಮು ಸುಮಾರು ಅರ್ಧ ಗ್ರಾಂ. ಒಂದು ಅಂಗಾಲಿಗೆ ಅಷ್ಟು ಬೇಕು. ರಾತ್ರಿ ಹಚ್ಚಿ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಕಾಲುಚೀಲ ಹಾಕಿದರೆ ಔಷಧ ಹಲವು ಪಟ್ಟು ಹೆಚ್ಚು ಒಳಗಿಳಿಯುತ್ತದೆ. ಹೀಗೆ ಮುಚ್ಚುವುದನ್ನು ಮಾತ್ರ ವೈದ್ಯರು ಹೇಳಿದಷ್ಟೇ ದಿನ ಮಾಡಿ. ಆಮೇಲೆ ವಾರದಲ್ಲಿ ಎರಡು ದಿನಕ್ಕೆ ಇಳಿಸುವುದು, ಅಥವಾ ವಿಟಮಿನ್ ಡಿ ಜಾತಿಯ ಕ್ಯಾಲ್ಸಿಪೊಟ್ರಿಯಾಲ್ ಜೊತೆ ಅದಲುಬದಲು ಮಾಡುವುದು ರೂಢಿ.

ಬೆಳಕಿನ ಚಿಕಿತ್ಸೆ ಅಂದ್ರೆ ಏನು? ಬಿಸಿಲಿಗೆ ಕಾಲು ಚಾಚಿ ಕೂತರೆ ಆಗಲ್ವಾ?

ಆಗುವುದಿಲ್ಲ. ಬಿಸಿಲಿನಲ್ಲಿ ಬೇಕಾದ ಕಿರಣ, ಬೇಡದ ಕಿರಣ, ಶಾಖ ಎಲ್ಲ ಬೆರೆತಿರುತ್ತವೆ, ಪ್ರಮಾಣ ಅಳೆಯಲಾಗದು. ಆಸ್ಪತ್ರೆಯಲ್ಲಿ ಕೊಡುವುದು ಅಳೆದ ಬೆಳಕು. ಪ್ಯೂವಾ ಎಂಬ ವಿಧಾನದಲ್ಲಿ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಸೋರಲೆನ್ ಔಷಧ ಬೆರೆಸಿದ ನೀರಿನಲ್ಲಿ ಅಂಗಾಲನ್ನು ಸ್ವಲ್ಪ ಹೊತ್ತು ಮುಳುಗಿಸಿಟ್ಟು, ಆಮೇಲೆ ಅಲ್ಟ್ರಾವಯೊಲೆಟ್ ಎ ಕಿರಣ ಬಿಡುತ್ತಾರೆ. ಆ ಕಿರಣ ದಪ್ಪ ಚರ್ಮದಲ್ಲೂ ಆಳಕ್ಕೆ ಹೋಗುತ್ತದೆ. 311 ನ್ಯಾನೊಮೀಟರಿನ ನ್ಯಾರೋಬ್ಯಾಂಡ್ ಅಲ್ಟ್ರಾವಯೊಲೆಟ್ ಬಿ ಕಿರಣ, 308ರ ಎಕ್ಸೈಮರ್ ಬೆಳಕು ಕೂಡ ಬಳಕೆಯಲ್ಲಿವೆ. ವಾರಕ್ಕೆ 2–3 ಸಲ, ಹಲವು ವಾರ ಹೋಗಬೇಕು. ನಡೆಯಲಾಗದವರಿಗೆ ಆ ಓಡಾಟವೇ ಶಿಕ್ಷೆ. ಅದನ್ನು ಮೊದಲೇ ಯೋಚಿಸಿ ಒಪ್ಪಿಕೊಳ್ಳಿ.

## ಮಾತ್ರೆ, ಇಂಜೆಕ್ಷನ್

ಬರೀ ಪಾದಕ್ಕೆ ಬಂದಿರೋದಕ್ಕೆ ಇಡೀ ಮೈಗೆ ಮಾತ್ರೆ ಯಾಕೆ?

ಒಬ್ಬರ ಅಂಗೈ, ಬೆರಳೂ ಸೇರಿ, ಅವರ ದೇಹದ ಚರ್ಮದ ಸುಮಾರು ಶೇ. 1. ಎರಡು ಅಂಗಾಲು, ಎರಡು ಅಂಗೈ ಪೂರ್ತಿ ಕಾಯಿಲೆ ಇದ್ದರೂ ಲೆಕ್ಕದಲ್ಲಿ ಶೇ. 5ರ ಆಸುಪಾಸು. ವಿಸ್ತಾರ ನೋಡಿ ತೀವ್ರತೆ ಅಳೆಯುವವರಿಗೆ ಇದು ‘ಸೌಮ್ಯ’. ಆದರೆ ಆ ಶೇ. 5ರ ಮೇಲೆ ನಿಂತೇ ಮನುಷ್ಯ ನಡೆಯುತ್ತಾನೆ, ಅದರಿಂದಲೇ ಲೋಟ ಹಿಡಿಯುತ್ತಾನೆ. ಈ ಕಾಯಿಲೆಯಲ್ಲಿ ವಿಸ್ತಾರವನ್ನು ಬದಿಗಿಟ್ಟು, ಬದುಕು ಎಷ್ಟು ನಿಂತಿದೆ ಎಂದು ಅಳೆಯಬೇಕು. ಮುಲಾಮನ್ನು ಸರಿಯಾಗಿ, ಸಾಕಷ್ಟು ವಾರ ಹಚ್ಚಿಯೂ ನಡೆಯಲಾಗುತ್ತಿಲ್ಲ ಎಂದರೆ ಮಾತ್ರೆಯನ್ನು ಕೇಳುವುದು ನಿಮ್ಮ ಹಕ್ಕು.

ಅಸಿಟ್ರೆಟಿನ್ ಬರೆದುಕೊಟ್ಟಿದ್ದಾರೆ. ಮುಂದೆ ಮಗು ಬೇಕು ಅಂತಿದ್ದೀವಿ, ತಗೋಬಹುದಾ?

ಗರ್ಭ ಧರಿಸಬಲ್ಲ ಹೆಂಗಸಿಗೆ ಈ ಔಷಧ ಬೇಡ ಎಂದೇ ನನ್ನ ನೇರ ಮಾತು. ವಿಟಮಿನ್ ಎ ಜಾತಿಯ ಈ ಮಾತ್ರೆ ಪಿಪಿಪಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗರ್ಭದಲ್ಲಿರುವ ಮಗುವಿಗೆ ಗಂಭೀರ ಅಂಗವೈಕಲ್ಯ ತರುತ್ತದೆ. ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ಧರಿಸಬಾರದು. ಮದ್ಯ ಕುಡಿದರೆ ಅದು ದೇಹದಲ್ಲಿ ಎಟ್ರೆಟಿನೇಟ್ ಆಗಿ ಬದಲಾಗಿ ಇನ್ನೂ ದೀರ್ಘಕಾಲ ಉಳಿಯುತ್ತದೆ. ತೆಗೆದುಕೊಂಡವರು, ಗಂಡಸರೂ ಸೇರಿ, ನಿಲ್ಲಿಸಿ 3 ವರ್ಷವಾಗುವ ತನಕ ರಕ್ತದಾನ ಮಾಡಬಾರದು. ವೈದ್ಯರು ಬರೆದುಕೊಡುವಾಗ ಮಗುವಿನ ವಿಚಾರ ಕೇಳದೆ ಇದ್ದರೆ ನೀವೇ ಬಾಯಿಬಿಟ್ಟು ಹೇಳಿ. ಗಂಡಸರಿಗೆ, ಮುಟ್ಟು ನಿಂತವರಿಗೆ ಇದು ಒಳ್ಳೆಯ ಆಯ್ಕೆ. ತುಟಿ ಒಣಗುವುದು, ರಕ್ತದಲ್ಲಿ ಕೊಬ್ಬಿನಂಶ ಏರುವುದು ಇದ್ದದ್ದೇ, ಆಗಾಗ ರಕ್ತಪರೀಕ್ಷೆ ಬೇಕು.

ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಔಷಧವಂತೆ. ನನಗೇಕೆ?

ಕ್ಯಾನ್ಸರಿಗೆ ಕೊಡುವ ಪ್ರಮಾಣಕ್ಕೂ ಇದಕ್ಕೂ ಅಜಗಜಾಂತರ. ಇಲ್ಲಿ ಪುಟ್ಟ ಪ್ರಮಾಣದಲ್ಲಿ ಉರಿಯೂತ ತಗ್ಗಿಸಲು ಕೊಡುತ್ತಾರೆ. ನೆನಪಿಡಬೇಕಾದ ಒಂದು ಸಂಗತಿ ಜೀವದ್ದು: ವಾರಕ್ಕೆ ಒಂದೇ ದಿನ. ದಿನಾ ನುಂಗಿ ಪ್ರಾಣಕ್ಕೆ ಎರವಾದವರಿದ್ದಾರೆ. ವಾರದ ಯಾವ ದಿನ ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಜೊತೆಗೆ ಫೋಲಿಕ್ ಆಮ್ಲ, ಪಿತ್ತಜನಕಾಂಗ ಮತ್ತು ರಕ್ತಕಣಗಳ ಪರೀಕ್ಷೆ. ಇದೂ ಗರ್ಭಕ್ಕೆ ಆಗದು. ಸೈಕ್ಲೊಸ್ಪೊರಿನ್ ಇದಕ್ಕಿಂತ ಬೇಗ ನೋವು ಇಳಿಸುತ್ತದೆ, ಆದರೆ ಮೂತ್ರಪಿಂಡ, ರಕ್ತದೊತ್ತಡದ ಮೇಲೆ ಕಣ್ಣಿಟ್ಟು ಕೆಲವು ತಿಂಗಳಷ್ಟೇ ಕೊಡುವುದು ವಾಡಿಕೆ.

ಪ್ರೆಡ್ನಿಸೊಲೋನ್ ಮಾತ್ರೆ ತಗೊಂಡಾಗ ಎಲ್ಲಾ ಮಾಯ. ನಿಲ್ಲಿಸಿದ ಕೂಡಲೇ ದುಪ್ಪಟ್ಟಾಯ್ತು.

ಅದೇ ಅದರ ತೊಂದರೆ. ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಿದಾಗ ಕೀವುಗುಳ್ಳೆ ಇನ್ನೂ ಜೋರಾಗಿ ಮರಳಬಹುದು. ನೀವಾಗಿ ಅಂಗಡಿಯಿಂದ ತಂದು ನುಂಗಬೇಡಿ. ಈಗಾಗಲೇ ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡಿ, ವೈದ್ಯರು ಹಂತಹಂತವಾಗಿ ಇಳಿಸಲಿ.

ಬಯಾಲಜಿಕ್ ಇಂಜೆಕ್ಷನ್ ಬಗ್ಗೆ ತುಂಬಾ ಕೇಳ್ತೀವಿ. ಇದಕ್ಕೆ ಕೆಲಸ ಮಾಡುತ್ತಾ?

ಕೆಲವು ಮಾಡುತ್ತವೆ, ಕೆಲವು ಮಾಡುವುದಿಲ್ಲ. ನ್ಯೂಟ್ರೋಫಿಲ್‌ಗಳನ್ನು ಕರೆಯುವ ಸಂಕೇತಗಳಲ್ಲಿ ಇಂಟರ್‌ಲ್ಯೂಕಿನ್ 17, 23, 36 ಎಂಬವು ಮುಖ್ಯ. ಒಂದೊಂದು ಇಂಜೆಕ್ಷನ್ ಒಂದೊಂದರ ಬಾಯಿ ಕಟ್ಟುತ್ತದೆ. 23ನ್ನು ತಡೆಯುವ ಗುಸೆಲ್ಕುಮ್ಯಾಬ್‌ಗೆ ಜಪಾನ್ 2018ರಲ್ಲೇ ಈ ಕಾಯಿಲೆಗೆಂದು ಅನುಮತಿ ಕೊಟ್ಟಿತು. 2023ರಲ್ಲಿ ರಿಸಾಂಕಿಜುಮ್ಯಾಬ್, 17ರ ಗ್ರಾಹಕವನ್ನು ತಡೆಯುವ ಬ್ರೊಡಾಲುಮ್ಯಾಬ್ ಅಲ್ಲಿ ಸೇರಿದವು. ಇನ್ನೊಂದು ಕಡೆ, ಸೋರಿಯಾಸಿಸ್ಸಿನಲ್ಲಿ ಗೆದ್ದ ಸೆಕುಕಿನುಮ್ಯಾಬ್ ಪಿಪಿಪಿಯ ದೊಡ್ಡ ಪ್ರಯೋಗದಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ಬ್ರಿಟನ್ನಿನಲ್ಲಿ ಅನಕಿನ್ರಾ ಎಂಬುದನ್ನು ಬಹಳ ನಿರೀಕ್ಷೆಯಿಟ್ಟು ಪರೀಕ್ಷಿಸಿದರು, ಅದು ಬರೀ ನೀರಿನಂಥ ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ಇದನ್ನು ಓದಿ ಕಂಗೆಡಬೇಡಿ. ಯಾವುದು ಕೆಲಸ ಮಾಡದು ಎಂದು ತಿಳಿದದ್ದರಿಂದ ಎಷ್ಟೋ ರೋಗಿಗಳ ಎಷ್ಟೋ ತಿಂಗಳು ಉಳಿದಿದೆ.

ಒಂದು ಡೋಸಿನಿಂದ ಗುಳ್ಳೆ ನಿಲ್ಲುತ್ತದೆಂದು ಕಾಯಬೇಡಿ. ಸಾಮಾನ್ಯವಾಗಿ 16 ವಾರದ ಹೊತ್ತಿಗೆ ಲೆಕ್ಕ ಹಾಕುತ್ತಾರೆ, ಆಮೇಲೂ ಸುಧಾರಣೆ ಮುಂದುವರಿಯುತ್ತದೆ. ಶುರುಮಾಡುವ ಮುಂಚೆ ಅಡಗಿದ ಕ್ಷಯ, ಹೆಪಟೈಟಿಸ್ ಪರೀಕ್ಷೆ ಮಾಡುತ್ತಾರೆ. ಬೇಕಾದ ಲಸಿಕೆಗಳನ್ನೂ ಮೊದಲೇ ಮುಗಿಸಿಕೊಳ್ಳಿ, ಜೀವಂತ ಲಸಿಕೆಗಳನ್ನು ಆಮೇಲೆ ಕೊಡುವಂತಿಲ್ಲ. ಇಂಜೆಕ್ಷನ್ ಬೇಡವೆನ್ನುವವರಿಗೆ ಅಪ್ರೆಮಿಲಾಸ್ಟ್ ಎಂಬ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬಹುದು.

ಕೀಲುವಾತಕ್ಕೆ ಇಂಜೆಕ್ಷನ್ ತಗೊಳ್ತಿದ್ದೆ. ಆಮೇಲೆ ಅಂಗಾಲಲ್ಲಿ ಗುಳ್ಳೆ ಶುರುವಾಯ್ತು. ಅದೇ ಕಾರಣನಾ?

ಸಾಧ್ಯ. ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್, ಎಟನರ್ಸೆಪ್ಟ್ ಮುಂತಾದ ಟಿಎನ್‌ಎಫ್ ಎಂಬ ಉರಿಯೂತದ ಸಂಕೇತವನ್ನು ತಡೆಯುವ ಔಷಧಗಳು ಕೆಲವರಲ್ಲಿ ತಿರುಗುಬಾಣವಾಗಿ ಇದೇ ಗುಳ್ಳೆಗಳನ್ನು ಏಳಿಸುತ್ತವೆ. ನೀವಾಗಿ ನಿಲ್ಲಿಸಬೇಡಿ. ಕೀಲಿನ ವೈದ್ಯರು, ಚರ್ಮದ ವೈದ್ಯರು ಮಾತಾಡಿಕೊಳ್ಳಲಿ. ಮುಲಾಮಿನಲ್ಲಿ ಹತೋಟಿಗೆ ಬಂದರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಔಷಧಕ್ಕೆ ಬದಲಿಸುತ್ತಾರೆ.

ಎದೆಯ ಮೇಲ್ಭಾಗದ ಮೂಳೆ ನೋಯುತ್ತೆ. ಕಾಲಿನ ಕಾಯಿಲೆಗೂ ಅದಕ್ಕೂ ಸಂಬಂಧ ಇದೆಯಾ?

ಈ ಪ್ರಶ್ನೆ ಕೇಳದೆ ಎಷ್ಟೋ ಜನ ವರ್ಷಗಟ್ಟಲೆ ನೋವು ನುಂಗುತ್ತಾರೆ. ಪಿಪಿಪಿ ಇರುವ ಕೆಲವರಿಗೆ ಮೂಳೆ, ಕೀಲುಗಳಲ್ಲೂ ಉರಿಯೂತ ಬರುತ್ತದೆ. ಕೊರಳೆಲುಬು, ಎದೆಮೂಳೆ, ಮೊದಲ ಪಕ್ಕೆಲುಬು ಕೂಡುವ ಜಾಗ ಅದರ ಮುಖ್ಯ ತಾಣ, ಬೆನ್ನುಮೂಳೆಗೂ ಬರಬಹುದು. ಇದನ್ನೂ ಒಳಗೊಂಡ ಗುಂಪಿಗೆ 1987ರಲ್ಲಿ ಫ್ರಾನ್ಸಿನ ವೈದ್ಯರು ಸಾಫೋ ಸಿಂಡ್ರೋಮ್ ಎಂದು ಹೆಸರಿಟ್ಟರು. ಚರ್ಮ ಮೊದಲೋ ಮೂಳೆ ಮೊದಲೋ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ತರಹ, ನಡುವೆ ವರ್ಷಗಳ ಅಂತರವೂ ಇರಬಹುದು. ಎಂಆರ್‌ಐ ಅಥವಾ ಬೋನ್ ಸ್ಕ್ಯಾನಿನಲ್ಲಿ ತಿಳಿಯುತ್ತದೆ. ಚಿಕಿತ್ಸೆಯ ಆಯ್ಕೆಯೇ ಆಗ ಬದಲಾಗುತ್ತದೆ, ಹಾಗಾಗಿ ಚರ್ಮವೈದ್ಯರು ಕೇಳದಿದ್ದರೂ ನೀವೇ ಹೇಳಿ. ಎದೆನೋವು ಹೊಸದಾಗಿದ್ದು, ಉಸಿರುಗಟ್ಟುವಿಕೆ, ಬೆವರು ಜೊತೆಗಿದ್ದರೆ ಮಾತ್ರ ಮೊದಲು ಹೃದಯದ ಪರೀಕ್ಷೆ.

ಟಾನ್ಸಿಲ್ ತೆಗೆಸಿದ್ರೆ ಹೋಗುತ್ತಂತೆ, ಹಲ್ಲು ಕೀಳಿಸಿದ್ರೆ ಹೋಗುತ್ತಂತೆ. ನಿಜಾನಾ?

ಆಂಡ್ರೂಸ್ ಹೇಳಿದ ಅಡಗಿದ ಸೋಂಕಿನ ಮಾತು ಇಲ್ಲಿ ಮತ್ತೆ ಬರುತ್ತದೆ. ಜಪಾನಿನಲ್ಲಿ ಗಂಟಲು ನೋವು ಬಂದಾಗಲೆಲ್ಲ ಗುಳ್ಳೆ ಉಕ್ಕುವವರಿಗೆ ಟಾನ್ಸಿಲ್ ತೆಗೆಯುವುದು, ಹಲ್ಲಿನ ಬೇರಿನ ಕೀವನ್ನು ಹುಡುಕಿ ವಾಸಿ ಮಾಡುವುದು ಚಿಕಿತ್ಸೆಯ ಭಾಗವೇ ಆಗಿದೆ, ಬಹಳ ಜನರಿಗೆ ಗುಣ ಕಂಡಿದೆ ಎಂದು ಅಲ್ಲಿನ ವೈದ್ಯರು ವರದಿ ಮಾಡಿದ್ದಾರೆ. ಬೇರೆ ದೇಶಗಳಲ್ಲಿ ಇದು ಅಷ್ಟು ನಡೆಯುವುದಿಲ್ಲ. ನನ್ನ ಸಲಹೆ: ಹಲ್ಲಿನ ವೈದ್ಯರಿಗೆ ಒಮ್ಮೆ ತೋರಿಸಿ, ಹುಳುಕು, ವಸಡಿನ ಸೋಂಕು ಇದ್ದರೆ ಸರಿಪಡಿಸಿಕೊಳ್ಳಿ. ಅದರಿಂದ ನಷ್ಟವಿಲ್ಲ. ಗಟ್ಟಿ ಹಲ್ಲನ್ನು ಕೀಳಿಸಬೇಡಿ. ಟಾನ್ಸಿಲ್ ಶಸ್ತ್ರಚಿಕಿತ್ಸೆಯನ್ನು ಗಂಟಲಿಗೂ ಗುಳ್ಳೆಗೂ ನಂಟು ಸ್ಪಷ್ಟ ಕಂಡಾಗ ಮಾತ್ರ ಯೋಚಿಸಿ.

ಪೂರ್ತಿ ವಾಸಿ ಆಗುತ್ತಾ? ಔಷಧ ಎಂದಿಗೆ ನಿಲ್ಲಿಸಬಹುದು?

ಕೆಲವರಲ್ಲಿ ತಾನಾಗಿಯೇ ಶಾಂತವಾಗುತ್ತದೆ. ಹೆಚ್ಚಿನವರಲ್ಲಿ ವರ್ಷಗಳ ಕಾಲ ಏರಿಳಿಯುತ್ತದೆ. ಹೊಸ ಗುಳ್ಳೆ ಏಳುವುದು ನಿಂತ ದಿನವೇ ಔಷಧ ನಿಲ್ಲಿಸುವುದು ಸಾಮಾನ್ಯವಾಗಿ ಕಾಣುವ ಎಡವಟ್ಟು. ಮೇಲೆ ಒಣಗಿದರೂ ಕೆಳಗೆ ಕೆಂಪು ಇದ್ದರೆ ಉರಿಯೂತ ಇನ್ನೂ ಇದೆ ಎಂದರ್ಥ. ಕೆಂಪೂ ಹೋಗಿ, ಚರ್ಮ ಮೆತ್ತಗಾಗಿ, ಕೆಲವು ತಿಂಗಳು ಹಾಗೇ ನಿಂತ ಮೇಲೆ ವೈದ್ಯರೊಡನೆ ಕೂತು ಒಂದೊಂದಾಗಿ ಇಳಿಸಿ: ಮಾತ್ರೆ ಇಳಿಸುವಾಗ ಮುಲಾಮು ಇರಲಿ, ಮುಲಾಮು ಇಳಿಸುವಾಗ ಜೆಲ್ಲಿ ಇರಲಿ. ಮತ್ತೆ ಚುಚ್ಚಿದಂತೆ ಅನ್ನಿಸಿದ ಮೊದಲ ದಿನವೇ ಏನು ಹಚ್ಚಬೇಕು, ಎಷ್ಟು ದಿನ ನೋಡಿ ಫೋನ್ ಮಾಡಬೇಕು ಎಂಬುದನ್ನು ಆ ಭೇಟಿಯಲ್ಲೇ ಬರೆಸಿಕೊಂಡು ಬನ್ನಿ.